ಪ್ಲಾಟಿನಂ ನಾಟದ ಅಂಡಾಶಯ ಕ್ಯಾನ್ಸರಿಗೆ ವೈರಸ್ ಚಿಕಿತ್ಸೆ: ಹೊಲ ಮಾರಿ ಅಮೆರಿಕಕ್ಕೆ ಹೋಗಬೇಕೇ?

ಕೀಮೋ ಫೇಲಾಗಿದೆ, ಗದಗಿನ ಹೊಲ ಮಾರಿ ಅವ್ವನ್ನ ವೈರಸ್ ಚಿಕಿತ್ಸೆಗೆ ಅಮೆರಿಕಕ್ಕೆ ಕರಕೊಂಡು ಹೋಗಲೇ ಅಂತ ಕೇಳಿದ್ದೀರಿ. ಹೊಲಕ್ಕೆ ಕೈ ಹಚ್ಚಬೇಡಿ.

ನಮ್ಮವ್ವನಿಗೂ ಕಾರ್ಬೋಪ್ಲಾಟಿನ್ ಅನ್ನೋ ಪ್ಲಾಟಿನಂ ಕೀಮೋ ಮುಗಿದ ಆರು ತಿಂಗಳೊಳಗೇ ಗಡ್ಡೆ ಮರಳಿತ್ತು. ಹುಬ್ಬಳ್ಳಿಯ ಡಾಕ್ಟರು 'ಪ್ಲಾಟಿನಂ ರೆಸಿಸ್ಟೆಂಟ್' ಅಂದರು, ಅಂದರೆ ಪ್ಲಾಟಿನಂ ಜಾತಿಯ ಕೀಮೋ ಸರಿಯಾಗಿ ನಾಟುತ್ತಿಲ್ಲ ಅಂತ. ನನಗೆ ಕೇಳಿಸಿದ್ದು ಮಾತ್ರ 'ಇನ್ನು ಯಾವ ಕೀಮೋನೂ ನಾಟಲ್ಲ' ಅಂತ. ಅವರು ಬರೆದುಕೊಟ್ಟ ವಾರವಾರದ ಪ್ಯಾಕ್ಲಿಟ್ಯಾಕ್ಸೆಲ್ ಅನ್ನೋ ಬೇರೆ ಕೀಮೋನ ನಾನೇ ಬೇಡವೆಂದೆ. ವೈರಸ್ ಟ್ರಯಲ್ಲಿನವರು ತಗೊಳ್ಳುವ ತನಕ ಮೈಗೆ ಶಕ್ತಿ ಉಳಿಯಲಿ ಅಂತ ನನ್ನ ಲೆಕ್ಕ.

ಬುಡಕ್ಕೇ ತಪ್ಪಿದ ಲೆಕ್ಕ ಅದು. ಎಲ್ಲರೂ ಹೇಳುವ ಆಲ್ವಿ-ವೆಕ್ ಅಂದರೆ ಸಿಡುಬಿನ ಲಸಿಕೆಗೆ ಬಳಸುತ್ತಿದ್ದ ವ್ಯಾಕ್ಸೀನಿಯಾ ವೈರಸ್ಸನ್ನೇ ತಿದ್ದಿ ಮಾಡಿದ್ದು. ನಳಿಕೆಯಿಂದ ಹೊಟ್ಟೆಯೊಳಗೆ ಬಿಡುತ್ತಾರೆ. ಅದು ಕ್ಯಾನ್ಸರ್ ಕೋಶ ಹೊಕ್ಕು ಒಡೆಯುತ್ತದೆ, ರೋಗನಿರೋಧಕ ಕೋಶಗಳನ್ನು ಅತ್ತ ಸೆಳೆಯುತ್ತದೆ. ಆಮೇಲೆ ಕೊಡುವುದು ಮತ್ತೆ ಅದೇ ಪ್ಲಾಟಿನಂ ಕೀಮೋ, ಜೊತೆಗೆ ಗಡ್ಡೆಗೆ ಹೊಸ ರಕ್ತನಾಳ ಬೆಳೆಯದಂತೆ ತಡೆಯುವ ಬೆವಾಸಿಜುಮಾಬ್! ಪ್ಲಾಟಿನಂ ಮತ್ತೆ ನಾಟಲಿ ಅಂತಲೇ ವೈರಸ್. ಕೀಮೋ ತಡಕೊಳ್ಳುವ ತ್ರಾಣ ಇಲ್ಲದವರಿಗೆ ಅಲ್ಲಿ ಜಾಗವೇ ಇಲ್ಲ. ನಾನು ಈಮೇಲ್ ಕಾಯುತ್ತ ಕೂತಾಗ ಅವ್ವನ ಹೊಟ್ಟೆಯಲ್ಲಿ ನೀರು ತುಂಬಿತು. ಇಳಕಲ್ ಸೀರೆಯ ನಿರಿಗೆ ನಿಲ್ಲದಾಗಿ ನನ್ನ ನೈಟಿ ಹಾಕ್ಕೊಂಡಳು, ರೊಟ್ಟಿ ಬಿಟ್ಟು ಗಂಜಿಗೆ ಬಂದಳು. "ನಿನ್ನ ವೈರಸ್ ಯಾವ ಬಸ್ಸಿಗೆ ಬರತೈತೆವಾ?" ಅಂತ ನನ್ನನ್ನೇ ನಗಸತಿದ್ಲು. ಕೊನೆಗೆ ಪ್ಯಾಕ್ಲಿಟ್ಯಾಕ್ಸೆಲ್ ಹಚ್ಚಿದಾಗ ಆಕೆಗೆ ಅದನ್ನು ತಡೆಯಲಾಗಲಿಲ್ಲ.

2023ರಲ್ಲಿ ಪ್ರಕಟವಾದ ಆಲ್ವಿ-ವೆಕ್ ಪ್ರಯೋಗದಲ್ಲಿ ಇದ್ದವರು 27 ಮಂದಿ. ಅರ್ಧಕ್ಕಿಂತ ಹೆಚ್ಚು ಜನರ ಗಡ್ಡೆ ಕುಗ್ಗಿತು, ನಿಜ. ಆದರೆ ಹೋಲಿಸಿ ನೋಡಲು ಬೇರೆ ಗುಂಪೇ ಇರಲಿಲ್ಲ. ಒಫ್ರಾ-ವೆಕ್ ಅನ್ನುವ ಇನ್ನೊಂದು ವೈರಸ್ ಔಷಧಿ 400ಕ್ಕೂ ಹೆಚ್ಚು ಹೆಂಗಸರ ಪ್ರಯೋಗದಲ್ಲಿ 2022ರಲ್ಲಿ ಸೋತಿತು. ಯೂಟ್ಯೂಬಿನವರು ಇದನ್ನ ಯಾಕೆ ಹೇಳ್ತಾರೆ?

'ಕೀಮೋ ಫೇಲ್' ಅನ್ನೋದನ್ನೇ ನಾನು ಒಪ್ಪಲ್ಲ. ಫೇಲಾಗಿದ್ದು ಪ್ಲಾಟಿನಂ. ಪ್ಯಾಕ್ಲಿಟ್ಯಾಕ್ಸೆಲ್, ಲೈಪೋಸೋಮಲ್ ಡಾಕ್ಸೋರುಬಿಸಿನ್, ಜೆಮ್ಸಿಟಾಬಿನ್ ಇನ್ನೂ ಇವೆ. ಬಿಆರ್‌ಸಿಎ ಅನ್ನೋ ಜೀನ್‌ನ ಪರೀಕ್ಷೆ ಆಗಿದೆಯೇ ನೋಡಿ. ಆಪರೇಷನ್ ಮಾಡಿದಲ್ಲಿಂದ ಗಡ್ಡೆಯ ಪ್ಯಾರಾಫಿನ್ ಬ್ಲಾಕ್ (ಮೇಣದಲ್ಲಿ ಕಾಪಿಟ್ಟ ಗಡ್ಡೆಯ ತುಂಡು) ಈಗಲೇ ಕೇಳಿ ಇಟ್ಟುಕೊಳ್ಳಿ, ಗಡ್ಡೆಯ ಕೋಶದ ಮೇಲಿನ ಒಂದು ಪ್ರೋಟೀನನ್ನು ನೋಡುವ ಫೋಲೇಟ್ ರಿಸೆಪ್ಟರ್ ಪರೀಕ್ಷೆಗೂ ಅದೇ ಬೇಕು. ಟ್ರಯಲ್ ಹುಡುಕೋದಿದ್ದರೆ ಭಾರತದ ಟ್ರಯಲ್‌ಗಳನ್ನು ನೋಂದಾಯಿಸುವ ಸಿಟಿಆರ್‌ಐ ಜಾಲತಾಣದಲ್ಲಿ ನೋಡಿ. ಟ್ರಯಲ್ ಅಂತ ಹೇಳಿ ವೈರಸ್ಸಿಗೆ ಲಕ್ಷಗಟ್ಟಲೆ ಕೇಳುವವರ ಎದುರಿಂದ ಎದ್ದು ಬನ್ನಿ.

ಹುಡುಕಾಟ ಪಕ್ಕದಲ್ಲಿ ನಡೀಲಿ. ಮುಂದಿನ ಓಪಿಡಿಯಲ್ಲಿ ಡಾಕ್ಟರನ್ನ ಇಷ್ಟು ಕೇಳಿ: ಪ್ಲಾಟಿನಂ ಬಿಟ್ಟು ಯಾವುದು ಕೊಡ್ತೀರಿ, ಯಾವತ್ತಿಂದ?