ತುಮಕೂರಿನಲ್ಲಿದ್ದೇವೆ. ಆಟಿಸಂ ಇರುವ 5 ವರ್ಷದ ಮಗನಿಗೆ ಮೆಟ್ಟಿಲು ಹತ್ತುವುದು, ಚೆಂಡು ಹಿಡಿಯುವುದು ಕಷ್ಟ. ಫಿಸಿಯೋಥೆರಪಿಯಿಂದ ಸುಧಾರಿಸುತ್ತದಾ?

ಸುಧಾರಿಸುತ್ತದೆ, ಆದರೆ ನಿಧಾನವಾಗಿ. ಫಿಸಿಯೋಥೆರಪಿ ಆಟಿಸಂ ಅನ್ನೇ ವಾಸಿ ಮಾಡುವುದಿಲ್ಲ. ಹಾಗೆ ಆಸೆ ಹುಟ್ಟಿಸುವವರಿಂದ ದೂರ ಇರಿ. ಇಂಥ ಎಷ್ಟೋ ಮಕ್ಕಳ ಸ್ನಾಯುಗಳು ಸ್ವಲ್ಪ ಸಡಿಲ, ಸಮತೋಲನವೂ ಕಡಿಮೆ. ಕೈಕಾಲನ್ನು ಯಾವ ಕ್ರಮದಲ್ಲಿ ಆಡಿಸಬೇಕು ಅನ್ನುವುದೇ ಜಾಸ್ತಿ ತೊಡಕು. ಅದಕ್ಕೇ ಥೆರಪಿಸ್ಟ್ ಪ್ರತಿ ಕೆಲಸವನ್ನೂ ಬಿಡಿಬಿಡಿಯಾಗಿ ಕಲಿಸುತ್ತಾರೆ.

ನಮ್ಮ ಅಕ್ಕನ ಮಗ ಕಂಬಿ ಬಿಗಿಯಾಗಿ ಹಿಡಿದು, ಪ್ರತಿ ಮೆಟ್ಟಿಲಿಗೂ ಎರಡೂ ಕಾಲಿಟ್ಟು ಹತ್ತುತ್ತಿದ್ದ. ಒಂದು ಮೆಟ್ಟಿಲಿಗೆ ಎಡ ಪಾದದ ಕೆಂಪು ಸ್ಟಿಕ್ಕರ್, ಮುಂದಿನದಕ್ಕೆ ಬಲ ಪಾದದ ಹಳದಿ ಸ್ಟಿಕ್ಕರ್ ಅಂಟಿಸಿದ ಮೇಲೆ ಕಾಲು ಬದಲಾಯಿಸಲು ಶುರುಮಾಡಿದ. ಇಳಿಯುವಾಗ ಇನ್ನೂ ಹಳೇ ಥರವೇ. ಇಳಿಯುವುದು ಹತ್ತುವುದಕ್ಕಿಂತ ಕಷ್ಟ, ಅಲ್ವಾ? ಚೆಂಡಿನ ಬದಲು ಮೊದಲು ಬಲೂನ್ ಕೊಟ್ಟು ನೋಡಿ. ನಿಧಾನವಾಗಿ ಬರುವುದರಿಂದ ಹಿಡಿಯಲು ಸಮಯ ಸಿಗುತ್ತದೆ.

ಖಾಸಗಿ ಸೆಂಟರ್‌ಗೆ ಸುಮ್ನೆ ದುಡ್ಡು ಸುರಿಯುವ ಮೊದಲು ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳಿಗೆ ತಪಾಸಣೆ ಉಚಿತ. ಮಗ ತುದಿಗಾಲಲ್ಲಿ ನಡೆಯುತ್ತಿದ್ದರೆ ಅದನ್ನೂ ತಪ್ಪದೆ ಹೇಳಿ. ಹಾಗೇ ಬಿಟ್ಟರೆ ಮೀನಖಂಡ ಬಿಗಿದುಕೊಳ್ಳಬಹುದು.