ಪಳಗಿದವನು ಸೋತು ಹೊಸಬ ಗೆಲ್ಲುವುದೇಕೆ?

ಪ್ರಶ್ನೆ: ಮಳೆ ಹಿಡಿದ ಸಂಜೆಗಳಲ್ಲಿ ನಾವು ಗೆಳೆಯರು ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ, ಕಥೆಯ ಪಾತ್ರಗಳಾಗಿ ದಾಳ ಉರುಳಿಸುವ ಆಟ ಆಡುತ್ತೇವೆ. ಬಂಡೆ ಹತ್ತುವುದರಲ್ಲಿ ನನ್ನ ಪಾತ್ರಕ್ಕೆ 5 ಹೆಚ್ಚುವರಿ ಅಂಕಗಳಿದ್ದರೂ 15ರ ಗುರಿ ಆಗಾಗ ತಪ್ಪುತ್ತದೆ. ಹೆಚ್ಚುವರಿಯೇ ಇಲ್ಲದ ಗೆಳೆಯನ ಪಾತ್ರ ಹತ್ತಿಬಿಡುತ್ತದೆ. ದಾಳದಲ್ಲಿ ದೋಷವಿದೆಯೇ?
— ಓದುಗರೊಬ್ಬರು, ವಿರಾಜಪೇಟೆ

ಉತ್ತರ: ದಾಳವನ್ನು ದೂರುವ ಮೊದಲು ಲೆಕ್ಕ ನೋಡೋಣ. ಇಪ್ಪತ್ತು ಮುಖಗಳ ದಾಳದಲ್ಲಿ ಪ್ರತಿ ಮುಖಕ್ಕೂ ಶೇ. 5ರಷ್ಟು ಸಮಾನ ಸಂಭವನೀಯತೆ ಇರುತ್ತದೆ. ಬಿದ್ದ ಸಂಖ್ಯೆಗೆ ಹೆಚ್ಚುವರಿ ಅಂಕ ಕೂಡಿಸಿದಾಗ 15 ಅಥವಾ ಹೆಚ್ಚಾದರೆ ಗೆಲುವು. ನಿಮಗೆ 10 ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಸಾಕಾದ್ದರಿಂದ ಗೆಲುವಿನ ಸಾಧ್ಯತೆ ಶೇ. 55, ಕನಿಷ್ಠ 15 ಬೀಳಲೇಬೇಕಾದ ನಿಮ್ಮ ಗೆಳೆಯರಿಗೆ ಅದು ಶೇ. 30. ಹಾಗಾಗಿ ನೀವು ಸೋತು ಅವರು ಗೆಲ್ಲುವ ಸಾಧ್ಯತೆ ಶೇ. 13.5, ಅಂದರೆ ಸುಮಾರು ಏಳೆಂಟು ಸಲಕ್ಕೊಮ್ಮೆ. ಇಂತಹ ಸೋಲುಗಳೇ ಮನಸ್ಸಿನಲ್ಲಿ ಹೆಚ್ಚು ಉಳಿಯುತ್ತವೆ ಎಂಬುದು ಬೇರೆ ಮಾತು.

ಒಂದೇ ದಾಳದ ಬದಲು ಆರು ಮುಖಗಳ ಮೂರು ದಾಳಗಳನ್ನು ಉರುಳಿಸಿ ಕೂಡಿಸಿದರೆ ಚಿತ್ರ ಬದಲಾಗುತ್ತದೆ. ಒಟ್ಟು 216 ಸಂಯೋಜನೆಗಳಲ್ಲಿ 10 ಮತ್ತು 11 ತಲಾ 27 ಬಗೆಯಲ್ಲಿ ಬರುತ್ತವೆ, 3 ಮತ್ತು 18 ತಲಾ ಒಂದೇ ಬಗೆಯಲ್ಲಿ. ಫಲಿತಾಂಶಗಳು ನಡುವೆಯೇ ಗುಂಪುಗೂಡುವುದರಿಂದ ಕೌಶಲದ ಅಂಕಕ್ಕೆ ತೂಕ ಬರುತ್ತದೆ. ಆಗ ನಿಮ್ಮ ಸಾಧ್ಯತೆ ಶೇ. 62.5ಕ್ಕೆ ಏರಿ, ಗೆಳೆಯರದು ಶೇ. 9.3ರ ಆಸುಪಾಸಿಗೆ ಇಳಿಯುತ್ತದೆ.

ನಿಯಮ ಬದಲಿಸಲು ಮನಸ್ಸಿಲ್ಲದಿದ್ದರೆ, 2014ರ ಆವೃತ್ತಿಯಲ್ಲಿರುವ ಅನುಕೂಲದ ನಿಯಮದಂತೆ, ಹಗ್ಗದಂತಹ ನೆರವು ಇದ್ದಾಗ ದಾಳವನ್ನು ಎರಡು ಬಾರಿ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಲು ಆಟ ನಡೆಸುವವರನ್ನು ಕೇಳಿ, ಶೇ. 55 ಆಗ ಸುಮಾರು ಶೇ. 80 ಆಗುತ್ತದೆ. ಅಪಾಯವೂ ಅವಸರವೂ ಇಲ್ಲದ ಬಂಡೆಗೆ ದಾಳವನ್ನೇ ಉರುಳಿಸಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ.