ಫಿಟ್ಸ್ ಮಾತ್ರೆ ಫೆನಿಟಾಯಿನ್ ಅಣ್ಣನಿಗೆ 400 ಮಿಲಿಗ್ರಾಂ ಒಗ್ಗುತ್ತೆ, ನನಗೆ 300ಕ್ಕೇ ತಲೆ ಸುತ್ತು. ನನ್ನ ಮೈ ಅಷ್ಟು ದುರ್ಬಲವೇ? ಜೀನ್ ಪರೀಕ್ಷೆ ಮಾಡಿಸಲೇ?

ದುರ್ಬಲ ಅಲ್ಲವೇ ಅಲ್ಲ. ಅಣ್ಣನ ಜೊತೆ ಹೋಲಿಸುವುದನ್ನು ಮೊದಲು ಬಿಡಿ. ನಾನು ಚಿಕ್ಕಪ್ಪನ ಜೊತೆ ಹೋಲಿಸಿಕೊಂಡೇ ಕೆಟ್ಟೆ.

ವಿರಾಜಪೇಟೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಫಿಟ್ಸ್‌ಗೆ ನನಗೆ ಬರೆದಿದ್ದು ರಾತ್ರಿ 100ರ ಮೂರು ಮಾತ್ರೆ. ಚಿಕ್ಕಪ್ಪನಿಗೂ ಅದೇ ಕಾಯಿಲೆ, ಅದೇ ಮಾತ್ರೆ, ಆದರೆ ನಾಲ್ಕು. ಒಂದು ಜನವರಿ, ಕೊಯ್ಲಿನ ಮಧ್ಯೆ ಎರಡು ರಾತ್ರಿ ನಿದ್ದೆಗೆಟ್ಟಿದ್ದೆ, ಫಿಟ್ಸ್ ಬಂತು. ಡಾಕ್ಟರನ್ನು ಕೇಳದೆ ನಾನೇ ನಾಲ್ಕನೇ ಮಾತ್ರೆ ಶುರು ಮಾಡಿದೆ.

ಮೂರು ನಾಲ್ಕಾದರೆ ರಕ್ತದಲ್ಲೂ ಔಷಧ ಅಷ್ಟೇ ಪ್ರಮಾಣದಲ್ಲಿ ಏರುತ್ತೆ ಅಂದುಕೊಂಡಿದ್ದೆ. ಫೆನಿಟಾಯಿನ್‌ಗೆ ಆ ಲೆಕ್ಕ ನಡೆಯುವುದಿಲ್ಲ. ಅದನ್ನು ಕರಗಿಸುವುದು ಮುಖ್ಯವಾಗಿ ಲಿವರಿನ ಒಂದು ಕಿಣ್ವ, ಸಿವೈಪಿ2ಸಿ9. ಅದಕ್ಕೆ ಮಿತಿ ಇದೆ. ಕಾಫಿ ಒಣಗಿಸುವ ನಮ್ಮ ಕಣದಲ್ಲಿ ಹರಡಲು ಜಾಗ ಇದ್ದಷ್ಟು ಹಣ್ಣೇ ಒಣಗುವುದು, ಅಲ್ವಾ? ತುಂಬಿದ ಮೇಲೂ ದಿನಾ ಒಂದು ಮೂಟೆ ಜಾಸ್ತಿ ಸುರಿದರೆ ರಾಶಿ ಬೀಳುತ್ತೆ. ಇಲ್ಲೂ ಹಾಗೇ. 100 ಮಿಲಿಗ್ರಾಂ ಏರಿಸಿದರೆ ಮಟ್ಟ ದುಪ್ಪಟ್ಟಾಗಬಹುದು. ಅದೂ ಮರುದಿನವೇ ಗೊತ್ತಾಗುವುದಿಲ್ಲ, ವಾರಗಟ್ಟಲೆ ಮೆಲ್ಲಗೆ ಏರುತ್ತೆ. ಮೊದಲ ನಾಲ್ಕು ದಿನ ಏನೂ ಆಗಲಿಲ್ಲ. ಒಗ್ಗಿತು ಅಂತ ಮುಂದುವರಿಸಿದೆ.

ಮೂರನೇ ವಾರ ಮೆಟ್ಟಿಲು ಇಳಿಯುವಾಗ ಕಾಲು ಎಲ್ಲೆಲ್ಲೋ ಬೀಳುತ್ತಿತ್ತು. ಪಕ್ಕಕ್ಕೆ ನೋಡಿದರೆ ಸಿಲ್ವರ್ ಮರಗಳು ನಡುಗುತ್ತಿದ್ದವು. ಮಾತು ತೊದಲಿತು. ಹಗಲೇ ಕುಡಿದು ಬಂದಿದ್ದೇನೆ ಅಂತ ಅಮ್ಮ ಅತ್ತರು. ನಾನು ಕಾಯಿಲೆಯೇ ಜಾಸ್ತಿಯಾಯಿತು ಅಂತ ಐದನೇ ಮಾತ್ರೆಗೆ ಕೈ ಹಾಕಿದ್ದೆ!

ಮೈಸೂರಲ್ಲಿ ರಕ್ತ ನೋಡಿದಾಗ ಮಿಲಿಲೀಟರಿಗೆ 34 ಮೈಕ್ರೋಗ್ರಾಂ. ಇರಬೇಕಾದ್ದು 10ರಿಂದ 20. ಆಮೇಲೆ ಜೀನ್ ಪರೀಕ್ಷೆಯಲ್ಲಿ ಗೊತ್ತಾಯಿತು: ಆ ಕಿಣ್ವದ ಜೀನಿನ ನನ್ನ ಎರಡು ಪ್ರತಿಗಳಲ್ಲಿ ಒಂದು 'ಸ್ಟಾರ್ 3', ನಿಧಾನ ಕೆಲಸದ್ದು. ಎರಡೂ ಹಾಗಿದ್ದವರಿಗೆ ಇನ್ನೂ ಕಷ್ಟ. ಇದು ಅಪ್ಪನಿಂದಲೋ ಅಮ್ಮನಿಂದಲೋ ಬರುತ್ತೆ. ಒಡಹುಟ್ಟಿದವರಲ್ಲೇ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದಿರಬಹುದು. ಡಾಕ್ಟರು 200ಕ್ಕೆ ಇಳಿಸಿದರು. ಈಗ ಮಟ್ಟ 14, ಫಿಟ್ಸ್ ಇಲ್ಲ.

ಹಾಗಾಗಿ ಜೀನ್ ಪರೀಕ್ಷೆ ಆಮೇಲೆ ನೋಡಿ. ಮೊದಲು ರಕ್ತದಲ್ಲಿ ಔಷಧ ಎಷ್ಟಿದೆ ಅಂತ ತಿಳಿಯಿರಿ, ಈ ವಾರವೇ. ನಡಿಗೆ ತಪ್ಪುತ್ತಿದ್ದರೆ ಇವತ್ತೇ ಡಾಕ್ಟರ ಹತ್ತಿರ ಹೋಗಿ. ನೀವಾಗಿ ಮಾತ್ರೆ ನಿಲ್ಲಿಸಬೇಡಿ. ದಿಢೀರ್ ಬಿಟ್ಟರೆ ಫಿಟ್ಸ್ ಒಂದರ ಹಿಂದೆ ಒಂದು ಬಂದು ಪ್ರಾಣಕ್ಕೇ ಅಪಾಯ. ಮಳೆಗಾಲದಲ್ಲಿ ಗಂಬೂಟ್ ಹಾಕಿ ಕಾಲಿಗೆ ಫಂಗಸ್ ಆಗುತ್ತಲ್ಲ, ಅದಕ್ಕೆ ಕೊಡುವ ಫ್ಲುಕೊನಜೋಲ್ ಮಾತ್ರೆ ಇದೇ ಕಿಣ್ವವನ್ನು ತಡೆಯುತ್ತೆ. ಅಂಥದ್ದೇನಾದರೂ ತಗೊಂಡಿದ್ದರೆ ಡಾಕ್ಟರಿಗೆ ಹೇಳಿ.

ರಕ್ತವನ್ನು ಮುಂದಿನ ಡೋಸ್‌ಗೆ ಮೊದಲು ಕೊಡಿ. ಕೊನೆಯ ಮಾತ್ರೆ ಎಷ್ಟು ಗಂಟೆಗೆ ನುಂಗಿದಿರಿ ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ.